ದುರುಗೇಶನ ಅಪ್ಪನ ಹಲಗೆಗಳು

‘ಆ ದಿನಗಳೇ ಚೆಂದ’ ಎಂದು ನಿಟ್ಟುಸಿರು ಬಿಡುವಷ್ಟು ವಯಸ್ಸು ನನಗಾಗಿಲ್ಲ. ಆದರೂ ಶಾಲೆಯ ನೆನಪೆಂದರೆ ಎಲ್ಲರ ಬಾಯಲ್ಲೂ ಬೆಲ್ಲ. ನನಗೋ, ಎಂಟನೇ ತರಗತಿಯ ಆ ನಾಟಕ ನೆನಪಾದರೆ ಈಗಲೂ ವಾಕರಿಕೆ.

ಕೊಟ್ಟೂರು ಕಡೆಯ ನಮ್ಮೂರಿನಲ್ಲಿ ನಾಟಕಕ್ಕೆ ಹಲಗೆ, ಗಳ ಎಲ್ಲವನ್ನೂ ಮನೆಮನೆಯಿಂದ ತಂದು ಕಟ್ಟುವುದು ವಾಡಿಕೆ. ಕೊಟ್ಟವರ ಹೆಸರನ್ನು ಅವತ್ತು ಮೈಕಿನಲ್ಲಿ ಕೂಗುತ್ತಾರೆ. ಅರಮನೆಯ ದೃಶ್ಯಕ್ಕೆ ಗಟ್ಟಿ ಹಲಗೆ ಬೇಕೆಂದು ಮೇಷ್ಟ್ರು ಹೇಳಿದ್ದೇ ತಡ, ನನ್ನ ಬೆಂಚಿನ ದುರುಗೇಶ ಎದ್ದು ನಿಂತ. ಊರಾಚೆಯ ಕೇರಿಯ ಹುಡುಗ. ಅವನಪ್ಪನದು ಮನೆಗಳಿಗೆ ಕಾಂಕ್ರೀಟಿನ ಛತ್ತು ಹಾಕುವಾಗ ಕೆಳಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ.

ಇಬ್ಬರೂ ತಳ್ಳುಗಾಡಿಗೆ ಹಲಗೆ ಹೇರಿದೆವು. ಸಿಮೆಂಟು ಅಂಟದಿರಲೆಂದು ಬಳಿದ ಡೀಸೆಲ್ಲು, ಹಸಿ ಸಿಮೆಂಟಿನ ವಾಸನೆ. ಅಂಗೈ ತುಂಬ ಸಿಬಿರು.

“ಲೇ ಕೊಟ್ರಾ, ಮೈಕಿನ್ಯಾಗ ನಮ್ಮಪ್ಪನ ಹೆಸರು ಕೂಗ್ತಾರಲೇ! ಅವ್ವ ಆಗ್ಲೇ ಅಂಗಿ ಒಗದಿಟ್ಟಾಳ.”

“ಮೊದ್ಲು ದಬ್ಬಲೇ, ಆಮ್ಯಾಲ ಕೂಗಲಿ.”

ಶಾಲೆಯ ಅಂಗಳದಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ಗೌಡರು ನಿಂತಿದ್ದರು. “ಹಲಗಿ ಯಾರವಲೇ?”

“ನಮ್ಮಪ್ಪಾರವ್ರಿ,” ಎಂದ ದುರುಗೇಶ, ಎದೆಯುಬ್ಬಿಸಿ.

“ನಿಮ್ಮ ಕೇರಿವಾ? ಇದ್ರ ಮ್ಯಾಲ ಪೂಜಿ ಆಗೋದೈತಿ, ಸ್ವಾಮಿಗಳು ಕುಂದ್ರೋದೈತಿ. ಮೇಷ್ಟ್ರೇ, ಹಿಂದಕ್ಕ ಕಳಸ್ರಿ.”

“ಹೋದ ವರ್ಷ ನಿಮ್ಮನಿ ಛತ್ತು ಹಾಕಿದ್ದು ಇವೇ ಹಲಗಿ ಮ್ಯಾಲರಿ ಗೌಡ್ರೇ,” ಎಂದ ದುರುಗೇಶ. “ದೇವರ ಮನಿದೂ ಹೌದ್ರಿ.”

“ಛತ್ತು ಒಣಗಿದ್ ಮ್ಯಾಲ ಬಿಚ್ಚಿಕೊಂಡು ಹೋದ್ರಲ್ಲೋ. ಇಲ್ಲಿ ಅದ್ರ ಮ್ಯಾಲ ನಿಂದ್ರಬೇಕಲೇ!”

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಎಂಥ ಹೊಲಸು ತರ್ಕ! ದೇವರ ಮನೆಯ ಛತ್ತು ಹೊರಲು ಬಂದ ಹಲಗೆ, ಮಕ್ಕಳು ಕುಣಿಯುವ ವೇದಿಕೆಗೆ ಮೈಲಿಗೆ. ನಾನು ಚರ್ಚಾಸ್ಪರ್ಧೆಯ ಹುಡುಗ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅಧ್ಯಕ್ಷರು ತರಿಸಿದ ಬಿಸಿ ಮಿರ್ಚಿ ಬಜ್ಜಿಯ ಪೊಟ್ಟಣ ಬಂತು. ಮಾತು ಬರಬೇಕಾದ ಬಾಯಿಗೆ ಮಿರ್ಚಿ ತುರುಕಿಕೊಂಡೆ.

ದುರುಗೇಶ ಗಾಡಿ ತಿರುಗಿಸಿದ. “ದಬ್ಬಾಕ ಬರ್ತೀಯೇನಲೇ?”

“ನಡಿ, ತಿಂದು ಬರ್ತೀನಿ.”

ಹೋಗಲಿಲ್ಲ. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರುತ್ತಿದ್ದುದು, ಅವನು ಚಕ್ರಕ್ಕೆ ಕಾಲು ಕೊಟ್ಟು ತಡೆಯುತ್ತಿದ್ದುದು ಅಂಗಳಕ್ಕೇ ಕಾಣುತ್ತಿತ್ತು. ಇನ್ನೊಂದು ಮಿರ್ಚಿ ತೆಗೆದುಕೊಂಡೆ.

ನಾಟಕದ ದಿನ, ಎರಡು ಗಳ ಕೊಟ್ಟಿದ್ದಕ್ಕೆ ನಮ್ಮಪ್ಪನ ಹೆಸರು ಮೈಕಿನಲ್ಲಿ ಬಂತು. ಅಪ್ಪ ಎದ್ದು ಕೈಮುಗಿದ. ದುರುಗೇಶನ ಮನೆಯಿಂದ ಯಾರೂ ಬಂದಿರಲಿಲ್ಲ.

ಅಧ್ಯಕ್ಷರನ್ನು ಹಳಿಯುವುದು ಸುಲಭ. ಸಿಕ್ಕ ವೇದಿಕೆಯಲ್ಲೆಲ್ಲ ಹಳಿದಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಆದರೆ ಅವರು ವಾಪಸ್ಸು ಕಳಿಸಿದ್ದು ಹಲಗೆಗಳನ್ನಷ್ಟೇ. ದುರುಗೇಶನಿಗೆ ಈಗ ಹರಪನಹಳ್ಳಿಯ ಬ್ಯಾಂಕೊಂದರಲ್ಲಿ ನೌಕರಿ. ಹೋದಾಗಲೆಲ್ಲ ತಾನೇ ಕುರ್ಚಿ ಎಳೆದು ಕೊಡುತ್ತಾನೆ. “ಕುಂದರ್ರಿ. ಚಾ ತರಸ್ಲೇನ್ರಿ?” ಒಂದು ಸಲವಾದರೂ ‘ಲೇ’ ಅಂದಾನೇನೋ ಎಂದು ಚಹಾ ಆರುವವರೆಗೂ ಕೂತಿರುತ್ತೇನೆ. ಅನ್ನುವುದಿಲ್ಲ.