ಕುಂಬಳಕಾಯಿಯ ಮೇಲಿನ ತ್ರಿಕೋನ

ಮೊನ್ನೆ ಸೊಸೆ ಕುಂಬಳಕಾಯಿ ಹೆಚ್ಚುತ್ತಿದ್ದಳು. ಆ ಹಸಿ ವಾಸನೆಗೆ ಜಮಖಂಡಿಯ ಮಾವಶಿ ನೆನಪಾದರು.

ಸಂಸ್ಥಾನ ಹೋಗಿ ನಾವು ಮುಂಬಯಿ ರಾಜ್ಯಕ್ಕೆ ಸೇರಿದ ಹೊಸತು. ನಾನು ಮದುವೆಯಾಗಿ ಆ ಓಣಿಗೆ ಬಂದಿದ್ದೆ. ಮಾವಶಿ ಎಂದರೆ ಚಿಕ್ಕಮ್ಮ; ಓಣಿಯವರೆಲ್ಲ ಹಾಗೆ ಕರೆಯುತ್ತಿದ್ದ ಅವರು ಪಕ್ಕದ ಮನೆಯ ವಕೀಲರ ತಂಗಿ. ಹನ್ನೆರಡಕ್ಕೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯಲ್ಲಿ ಅಣ್ಣನ ಮನೆಯ ಅಡಿಗೆ ಮಾಡುತ್ತ ನಲವತ್ತು ದಾಟಿದ್ದರು. ಅಣ್ಣನ ಮಕ್ಕಳು ಓದಿ ಬಿಸಾಕಿದ ರೇಖಾಗಣಿತದ ಮರಾಠಿ ಪುಸ್ತಕವನ್ನು ಒಬ್ಬರೇ ಕುಳಿತು ಕಲಿತಿದ್ದರು. ಮಧ್ಯಾಹ್ನ ಹಿತ್ತಲಿನಲ್ಲಿ ನನಗೂ ಹೇಳಿಕೊಡುತ್ತಿದ್ದರು.

ಒಮ್ಮೆ ಕುಂಬಳಕಾಯಿಯ ಮೇಲೆ ಇದ್ದಿಲಿನಿಂದ ತ್ರಿಕೋನ ಬರೆದರು.

"ಹಾಳಿ ಮ್ಯಾಲೆ ಬರದ್ರ ಮೂರೂ ಕೋನ ಕೂಡಿ ನೂರಾ ಎಂಬತ್ತು ಅಂಶ. ಇಲ್ಲಿ ಅದಕ್ಕಿಂತ ಜಾಸ್ತಿ ಆಗ್ತದ, ನೋಡು. ಹಂಗಾರ ಆಕಾಶದಾಗಿನ ಮೂರು ಚುಕ್ಕಿ ನಡುವ ಗೆರಿ ಎಳದ್ರ? ಈ ಜಗತ್ತು ಹಾಳಿ ಹಂಗ ಸಪಾಟ ಅದನೋ, ಇದರಂಗ ಬಾಗ್ಯದನೋ? ಯಾರರೆ ಅಳದಾರೇನು?"

ಕೊನೆಗೆ ಆ ಪುಸ್ತಕ ಬರೆದ ಪುಣೆಯ ಪ್ರೊಫೆಸರರಿಗೇ ಇದನ್ನು ಕೇಳಿ ಪತ್ರ ಬರೆದರು. ನಾನೇ ಟಪಾಲಿಗೆ ಹಾಕಿ ಬಂದೆ. ಅಣ್ಣನಿಗೆ ತಿಳಿಯಬಾರದೆಂದು ಉತ್ತರಕ್ಕೆ ನಮ್ಮ ಮನೆಯ ವಿಳಾಸ ಕೊಟ್ಟಿದ್ದರು. ಆಮೇಲೆ ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಸಾಕು, ಗೋಡೆಯಾಚೆಯಿಂದ "ಬಂತೇನಽ?" ಎನ್ನುತ್ತಿದ್ದರು.

ಬಂತು. ದಪ್ಪ ಲಕೋಟೆ. ಅದು ನಮ್ಮ ಮಾವನವರ ಕೈಗೆ ಸಿಕ್ಕಿತು. ಮೇಲೆ ಮಾವಶಿಯ ಹೆಸರು ಕಂಡದ್ದೇ ವಕೀಲರನ್ನು ಕರೆದು ಕೊಟ್ಟುಬಿಟ್ಟರು. ವಕೀಲರು ನಮ್ಮ ಅಂಗಳಕ್ಕೇ ತಂಗಿಯನ್ನು ಕರೆಸಿದರು.

"ಪರಗಂಡಸಿಗೆ ಪತ್ರಾ? ಯಾರು ಟಪಾಲಿಗೆ ಹಾಕಿದ್ರು?"

"ನಾನಽ ಹಾಕೀನಿ," ಎಂದರು ಮಾವಶಿ. ಓಣಿ ದಾಟದ ಹೆಂಗಸು! ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಒಡೆಯದ ಲಕೋಟೆಯನ್ನೂ ಆ ಪುಸ್ತಕವನ್ನೂ ವಕೀಲರು ತಂಗಿಯ ಕೈಯಿಂದಲೇ ಬಚ್ಚಲೊಲೆಗೆ ಹಾಕಿಸಿದರು.

ಮಾವಶಿ ಹಿತ್ತಲಿಗೆ ಬರುವುದು ನಿಂತಿತು. ಒಂದು ಸಲ ಬಾವಿಯ ಹತ್ತಿರ ಸಿಕ್ಕಾಗ, "ಇನ್ನೊಂದು ಪತ್ರಾ ಬರೀರಿ ಮಾವಶಿ, ನಾ ಹಾಕಿ ಬರ್ತೀನಿ," ಎಂದೆ. "ಏನು ಬರದಿದ್ರೋ ಅವರು..." ಎಂದಷ್ಟೇ ಅಂದು ಕೊಡ ಎತ್ತಿಕೊಂಡರು. ಎರಡು ವರ್ಷಕ್ಕೆ ವಿಷಮಜ್ವರ ಬಂತು. ಹತ್ತೇ ದಿನ. ಹೋಗಿಬಿಟ್ಟರು.

ಮೊಮ್ಮಗಳು ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಾಳೆ. ಮೊನ್ನೆ ಅವಳಿಗೆ ಮಾವಶಿ ಕೇಳಿದ್ದನ್ನೇ ಕೇಳಿದೆ.

"ಅಳದಾರ ಅಜ್ಜಿ. ನಮಗ ಕಾಣೋವಷ್ಟು ಜಗತ್ತು ಸಪಾಟಽ ಅದ ಅಂತ. ಎಷ್ಟು ದೊಡ್ಡ ತ್ರಿಕೋನ ಬರದ್ರೂ ನೂರಾ ಎಂಬತ್ತಽ. ಯಾಕ ಕೇಳಿದಿ?"

"ಸುಮ್ನ," ಎಂದೆ.

ಮಾವಶಿಯ ಒಂದು ಫೋಟೋ ಕೂಡ ಯಾರಲ್ಲೂ ಇಲ್ಲ. ಕಣ್ಣು ಮುಚ್ಚಿದರೆ ಕೆಂಪು ಸೀರೆ ಕಾಣುತ್ತದೆ, ಮುಖ ಕಾಣುವುದಿಲ್ಲ...