ಮಗನ ಕಣ್ಣಿಗೆ ಬಂದ ದಾಸೋಹದ ನೀರು

ಶರಣ ಬಂಧುಗಳೇ, ಮಗನ ಕಣ್ಣು ಸುಡುತ್ತಿರುವಾಗ ತೊಳೆಯಲು ನೀರಿಲ್ಲದ ಗಳಿಗೆ ಯಾವ ತಾಯಿಗೂ ಬರಬಾರದು. ನನಗೆ ಬಂದಿತ್ತು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಹುಮನಾಬಾದಿನ ಒಂದು ಆಸ್ಪತ್ರೆಯಲ್ಲಿ ನಾನು ಹಿರಿಯ ನರ್ಸ್. ಊರ ಹೊರಗೆ ರಾಸಾಯನಿಕ ಕಾರ್ಖಾನೆಗಳಿದ್ದುದರಿಂದ ಪ್ರತಿ ತಿಂಗಳು ಸಿಬ್ಬಂದಿಯಿಂದ ಕವಾಯತು ಮಾಡಿಸುತ್ತಿದ್ದೆ. ಗಾಯಾಳುಗಳನ್ನು ಒಳಗೆ ತರುವ ಮೊದಲು ಅಂಗಳದಲ್ಲೇ ಮೈ ತೊಳೆಯಬೇಕು. ಕಣ್ಣಿಗೆ ಸಿಡಿದಿದ್ದರೆ ನೀರಿನ ಧಾರೆ ನಿಲ್ಲಲೇಬಾರದು.

"ಅಕ್ಕಾರ, ಇದು ದವಾಖಾನಿ ಏನ್ರಿ, ಪಲ್ಟನ್ ಏನ್ರಿ?" ಎಂದು ಕಾಂಪೌಂಡರ್ ಶರಣಪ್ಪ ಚುಡಾಯಿಸುತ್ತಿದ್ದ.

ಒಂದು ಮಧ್ಯಾಹ್ನ ಕಾರ್ಖಾನೆಯೊಂದರಲ್ಲಿ ರಾಸಾಯನಿಕದ ಪೈಪು ಒಡೆಯಿತು. ಟೆಂಪೊಗಳಲ್ಲಿ ಕಾರ್ಮಿಕರು ಬಂದರು. ನಮ್ಮವರೆಲ್ಲ ತಮ್ಮ ತಮ್ಮ ಜಾಗದಲ್ಲಿ ನಿಂತು ತೊಳೆಯತೊಡಗಿದರು. ಶರಣಪ್ಪ ಎಲ್ಲರಿಗಿಂತ ಮುಂದಿದ್ದ. ಕೊನೆಯ ಟೆಂಪೊದಿಂದ ಇಳಿಸಿದ್ದು ಅದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನನ್ನ ಮಗ ಮಲ್ಲಿಕಾರ್ಜುನನನ್ನು.

"ಅವ್ವಾ, ಏನೂ ಕಾಣವಲ್ದು" ಎಂದ.

ಅಷ್ಟರಲ್ಲಿ ನಲ್ಲಿ ನಿಂತಿತು. ಟ್ಯಾಂಕು ಖಾಲಿ, ಕರೆಂಟ್ ಇಲ್ಲ, ಮೋಟರು ನಡೆಯದು. ಸಲೈನ್ ಬಾಟಲಿಗಳಿಂದ ಕಣ್ಣು ತೊಳೆದೆವು. ಅವೂ ತೀರಿದವು. ಕೊನೆಯ ಬಾಟಲಿಯನ್ನು ಮಗನ ಕಣ್ಣಿಗೆ ಹಿಡಿದಿದ್ದೆ. ಕೈ ಬಿಡುವಂತಿಲ್ಲ, ಕೈ ಮುಗಿಯುವಂತೆಯೂ ಇಲ್ಲ. ಕಲ್ಯಾಣದ ಬಸವಣ್ಣನನ್ನು ಮನಸ್ಸಿನಲ್ಲೇ ಕರೆದೆ: ನನ್ನಿಂದ ಆಗುವುದು ಮುಗಿಯಿತು ತಂದೆ, ಇನ್ನು ನೀನು.

ಗೇಟಿನಲ್ಲಿ ಹಾರ್ನ್ ಕೇಳಿತು. ನೀರಿನ ಟ್ಯಾಂಕರ್!

ನಾವು ಯಾರೂ ಕರೆಸಿರಲಿಲ್ಲ. ಹತ್ತಿರದ ಮಠದ ದಾಸೋಹದಲ್ಲಿ ಒಂದು ಪದ್ಧತಿ ಇತ್ತು. ಎಲ್ಲೇ ಜನ ಸೇರಲಿ, ಕಾರಣ ಕೇಳದೆ ಮೊದಲು ಕುಡಿಯುವ ನೀರು ಕಳಿಸುವುದು. ಟ್ಯಾಂಕರಿನಿಂದ ಇಳಿದ ದಾಸೋಹದ ಗುರುಪಾದಪ್ಪನಿಗೆ ಅಪಘಾತದ ಸುದ್ದಿಯೇ ಗೊತ್ತಿರಲಿಲ್ಲ.

"ದವಾಖಾನಿ ಮುಂದ ಮಂದಿ ನೋಡಿ, ಯಾರೋ ಮಂತ್ರಿ ಬಂದಾರಂತ ತಿಳಕೊಂಡೆವ್ರಿ ಅಕ್ಕಾರ. ಮಜ್ಜಿಗಿ ಹಿಂದ ಬರಾಕತ್ತದ."

"ಮಜ್ಜಿಗಿ ಆಮ್ಯಾಲ. ಮೊದಲ ಆ ಪೈಪ ಇತ್ತಾಗ ತರ್ರಿ."

ಧಾರೆ ಹರಿಯಿತು! ಮಗನ ಕಣ್ಣಿಗೆ, ಉಳಿದವರ ಮೈಗೆ, ಸಂಜೆಯವರೆಗೂ ಹರಿಯಿತು. ನಮ್ಮಲ್ಲಿಗೆ ಬಂದವರಲ್ಲಿ ಒಬ್ಬರ ಜೀವಕ್ಕೂ ಅಪಾಯವಾಗಲಿಲ್ಲ. ಮುಂದಿನ ತಿಂಗಳಿನಿಂದ ನಮ್ಮ ಕವಾಯತಿಗೆ ದಾಸೋಹದವರೂ ಟ್ಯಾಂಕರ್ ಸಮೇತ ಬಂದು ನಿಲ್ಲತೊಡಗಿದರು.

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮಗನನ್ನು ಕರೆದುಕೊಂಡು ಬಸವಕಲ್ಯಾಣಕ್ಕೆ ಹೋಗಿ ಬಸವಣ್ಣನ ಗುಡಿಯಲ್ಲಿ ಶರಣೆಂದೆ. ತಿರುಗಿ ಬರುವಾಗ ಬಸ್ ನಿಲ್ದಾಣದಲ್ಲಿ ನಾನಿನ್ನೂ ಕನ್ನಡಕ ಹುಡುಕುತ್ತಿದ್ದೆ. ಅವನು ದೂರದಿಂದಲೇ ಬೋರ್ಡು ಓದಿ, "ಏಳವ್ವಾ, ಹುಮನಾಬಾದ್ ಗಾಡಿ ಬಂತು" ಎಂದ.

ಬಸ್ಸು ಹತ್ತುವ ಮೊದಲು, ಗುಡಿಯ ಕಡೆಗೆ ತಿರುಗಿ ಇನ್ನೊಮ್ಮೆ ಎರಡೂ ಕೈ ಎತ್ತಿ ಮುಗಿದೆ.