ಕೋಶ ಬದುಕಿಸಿದಾಕಿ

ಸುಮನ, ಆ ದಿನ ನಿನ್ನೆದುರಿಗೇ ಅಪ್ಪನಿಗೆ ಸುಳ್ಳು ಹೇಳಿದೆ. ಆಮೇಲೆ ಅದೇ ಸುಳ್ಳನ್ನು ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ಬರೆದೆ. ಎಂಟು ವರ್ಷವಾಯಿತು. ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ — ಪ್ರತಿ ಸಲವೂ ಎಲ್ಲೋ ಒಂದು ಕಡೆ ನನ್ನನ್ನೇ ಕಾಪಾಡಿಕೊಳ್ಳುತ್ತಿದ್ದೆ.

ಕೊಲ್ಹಾಪುರದ ಆ ಪ್ರಯೋಗಾಲಯದಲ್ಲಿ ನಾವಿಬ್ಬರೇ ಹುಡುಗಿಯರು. ನೀನು ಇಚಲಕರಂಜಿಯ ಮಗ್ಗದ ಕೆಲಸಗಾರರ, ಬೌದ್ಧರ ಮನೆಯವಳು. ನಾನು ಕುರುಂದವಾಡದ ಜೈನ ರೈತರ ಮಗಳು. ಹುಳ ಸತ್ತೀತೆಂದು ನೀರನ್ನೂ ಸೋಸಿ ಕುಡಿಯುವ ಮನೆ ನಮ್ಮದು. ಬಿಳಿ ಸುಂಡಿಲಿಯ ಕರುಳಿನ ಗೋಡೆಯಲ್ಲಿ, ಸಂಯೋಜಕ ಅಂಗಾಂಶದೊಳಗೆ ಹುದುಗಿರುವ ಮಾಸ್ಟ್ ಎಂಬ ರೋಗನಿರೋಧಕ ಕೋಶಗಳನ್ನು ಜೀವಂತವಾಗಿ ಬಿಡಿಸಿ ತೆಗೆಯುವುದು ನಮ್ಮ ಕೆಲಸ. ಕರುಳನ್ನು ತೊಳೆದು, ಸಣ್ಣಗೆ ಕತ್ತರಿಸಿ, ಅಂಗಾಂಶ ಕರಗಿಸುವ ಎಂಜೈಮಿನಲ್ಲಿ ಬೆಚ್ಚಗಿಡುತ್ತಿದ್ದೆವು. ಕೋಶಗಳು ಹೊರಬರುತ್ತಿದ್ದವು — ಆದರೆ ಸತ್ತು, ಲೋಳೆಯಾಗಿ, ಒಂದಕ್ಕೊಂದು ಅಂಟಿಕೊಂಡು.

"ಒಮ್ಮೆಲೇ ತಾಸುಗಟ್ಟಲೆ ಯಾಕ ಇಡೂದು?" ಎಂದವಳು ನೀನು. "ಹತ್ತ ನಿಮಿಷಕ್ಕೊಮ್ಮೆ ಬಿಡಿಯಾದವನ್ನ ತಗದು ತಣ್ಣಗ ಇಡೂಣು. ಉಳದದ್ದಕ್ಕ ಹೊಸಾ ಎಂಜೈಮ್ ಹಾಕೂಣು."

ಮರುವಾರ, ಸತ್ತ ಕೋಶ ಮಾತ್ರ ಹೀರಿಕೊಳ್ಳುವ ನೀಲಿ ಬಣ್ಣ ಹಾಕಿ ನೋಡಿದೆವು. ಹೆಚ್ಚಿನವು ನೀಲಿಯಾಗಲಿಲ್ಲ. ಬದುಕಿದ್ದವು! ನೀನು ನನ್ನ ಭುಜ ಹಿಡಿದು ಕುಣಿದೆ.

ಆ ವಾರವೇ ಅಪ್ಪ ಹೇಳದೆ ಬಂದರು. ಪಂಜರಗಳನ್ನು ನೋಡಿ ಅವರ ಮುಖ ಬಿಳಿಚಿಕೊಂಡಿತು.

"ಇವನ್ನ ಕೊಲ್ಲೋರು ಯಾರು, ಪದ್ಮಾ?"

ಅಂದು ಬೆಳಿಗ್ಗೆ ನಾನೇ ಮೂರು ಇಲಿ ಕೊಂದಿದ್ದೆ. ಆದರೂ ನಿನ್ನತ್ತ ಕೈ ಮಾಡಿದೆ —

"ಅಕಿರಿ ಅಪ್ಪಾ. ಕೊಲ್ಲೂದು ಅಕಿ ಕೆಲಸ. ನಾ ಬರೇ ನೋಡ್ತೀನ್ರಿ."

ನೀನು ಅವರಿಗೆಂದು ನೀರು ತಂದು ನಿಂತಿದ್ದೆ. ಅಪ್ಪ ಲೋಟ ಮುಟ್ಟಲಿಲ್ಲ.

ಅಲ್ಲಿಗೇ ನಿಂತಿದ್ದರೆ — ಇಲ್ಲ, ನಿಲ್ಲಲಿಲ್ಲ. ಒಮ್ಮೆ ಬಾಯಲ್ಲಿ ಬಂದ ಮೇಲೆ ಬರೆಯುವುದು ಸುಲಭವಾಯಿತು. ಪ್ರಬಂಧದಲ್ಲಿ ವಿಧಾನ ನನ್ನದಾಯಿತು. ಕೃತಜ್ಞತೆಯ ಪುಟದಲ್ಲಿ ನೀನು 'ಪ್ರಾಣಿಗಳನ್ನು ಕೊಂದು ಕರುಳು ತೆಗೆದುಕೊಟ್ಟವಳು'. ಈ ಯೋಚನೆ ಯಾರದೆಂದು ಮಾರ್ಗದರ್ಶಕರು ಕೇಳಿದಾಗಲೂ ನನ್ನದೆಂದೆ. ಸ್ವಂತದ್ದೆಂದು ತೋರಿಸಲು ಏನೂ ಉಳಿಯದೆ ನಿನ್ನ ಶಿಷ್ಯವೇತನ ಮುಂದುವರಿಯಲಿಲ್ಲ.

ಗಡಹಿಂಗ್ಲಜದ ಶಾಲೆಗೆ ಮಾಸ್ತರಿಕೆಗೆ ಹೊರಡುವ ಮುನ್ನ ನೀನು ಆ ಪುಟ ತೆರೆದು ಕೇಳಿದೆ: "ಕೊಂದಾಕಿ ನಾ ಅಂತ ಬರದಿ. ಇರಲಿ. ಕೋಶ ಬದುಕಿಸಿದಾಕಿ ಯಾರು, ಪದ್ಮಾ?"

ನಾನು ತಲೆಯೆತ್ತದೆ ಗಾಜಿನ ಪಟ್ಟಿಗಳನ್ನು ತೊಳೆಯುತ್ತಲೇ ಇದ್ದೆ.

ಅಪ್ಪನಿಗೆ ಹೆದರಿದ್ದೆ ಎನ್ನಬಹುದು. ಆದರೆ ಪ್ರಬಂಧ ಬರೆಯುವಾಗ ಅಪ್ಪ ಎದುರಿಗಿರಲಿಲ್ಲವಲ್ಲ.

ಅಪ್ಪ ಈಗಿಲ್ಲ. ಕಳೆದ ವಾರ ಅವ್ವನಿಗೆ ಎಲ್ಲ ಹೇಳಿದೆ — ಇಲಿಗಳನ್ನು ನಾನೂ ಕೊಂದಿದ್ದನ್ನು, ನಿನ್ನ ಕೆಲಸ ಕದ್ದಿದ್ದನ್ನು. ಅಕ್ಕಿ ಆರಿಸುತ್ತಿದ್ದ ಅವಳ ಕೈ ನಿಂತಿತು.

"ಆ ಹುಡಿಗೀಗಿ ಹೇಳಿದೇನ?"

"ಇಲ್ಲವ್ವಾ."

"ಮತ್ತ ನನಗ್ಯಾಕ ಹೇಳಾಕತ್ತಿ?"

ಆ ವಿಧಾನ ಸುಮನಳದು ಎಂದು ಇಂದು ಮಾರ್ಗದರ್ಶಕರಿಗೆ ಬರೆದು ಅಂಚೆಗೆ ಹಾಕಿದ್ದೇನೆ. ನಕಲು ಇದರ ಜೊತೆಗಿದೆ. ವಿಶ್ವವಿದ್ಯಾಲಯ ನನ್ನ ಪದವಿಯನ್ನು ಹಿಂದಕ್ಕೆ ಕೇಳಿದರೆ ಕೊಡುತ್ತೇನೆ. ನಿನ್ನ ಎಂಟು ವರ್ಷ — ಅವನ್ನು ಯಾರಿಂದ ಕೇಳಿ ತರಲಿ?

ನೀನು ಉತ್ತರ ಬರೆಯಬೇಕಾಗಿಲ್ಲ.